ನಾಳೆ ನೆನಪಿಸು

ಔಲು ಊರಿನಾಚೆ ಕಡಲು ಹೆಪ್ಪುಗಟ್ಟಿದ ಮೇಲೆ
ನಡುಗಡ್ಡೆಗೆ ನೀರ ಮೇಲೊಂದು ದಾರಿ.
ಅದು ತೆರೆಯುವುದೋ ಇಲ್ಲವೋ ಹೇಳುವವನು ಕೌಕೊ,
ನನ್ನ ಸೋದರಮಾವ. ಕೈಯಲ್ಲಿ ಬೈರಿಗೆ,
ಕೊರಳಲ್ಲಿ ದಾರ ಕಟ್ಟಿದ ಪೆನ್ಸಿಲು.
ತೂತು ಕೊರೆದು, ಅಳತೆಕೋಲು ಇಳಿಸಿ
ಪುಸ್ತಕದಲ್ಲಿ ಬರೆಯುತ್ತಾನೆ:
ಇಪ್ಪತ್ತೆರಡು. ಇಪ್ಪತ್ತೆರಡು. ಇಪ್ಪತ್ತಮೂರು.
ಇಪ್ಪತ್ತೆಂಟು ವರ್ಷ, ಅದೇ ಅಂಕಣ, ಅದೇ ದುಂಡಕ್ಷರ.

ನಾನು ದಡದ ಈಚೆ, ಐದನೇ ಮಹಡಿಯಲ್ಲಿ
ಫೋನು ಕೆಡಿಸುವ ಕೆಲಸದವಳು.
ಅಂದರೆ, ಜನರ ಕೈಯಲ್ಲಿ ಕೆಡುವ ಮೊದಲು
ನನ್ನ ಕೈಯಲ್ಲೇ ಕೆಡಲಿ ಎಂದು
ತಿಂಗಳಿಗೊಂದು ಅಪ್‌ಡೇಟನ್ನು ಹಿಂಡಿ, ಎಡವಿಸಿ, ಬೀಳಿಸಿ
ಪಟ್ಟಿ ಮಾಡುವವಳು.

ಆ ಜನವರಿಯಲ್ಲಿ ಪಟ್ಟಿಗೆ ಮೂವತ್ತೊಂದು ದೋಷ.
ಪಿರ್ಯೊ ಅಂದಳು, ಕೆಟ್ಟವಳಲ್ಲ ಅವಳು,
"ಬಿರುಕು ಮುಚ್ಚಿದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?
ಹೊಸದೊಂದು ಕಾಣಬೇಕು."
ಕಂಡದ್ದು, ಮಾತಾಡುವ ಸಹಾಯಕಿ.
ಬದಿಯ ಗುಂಡಿ ಒತ್ತಿ ಹಿಡಿದರೆ
ಇಷ್ಟು ದಿನ ಟಾರ್ಚು ಹತ್ತುತ್ತಿದ್ದ ಜಾಗದಲ್ಲಿ
ಈಗ ಅವಳು ಏಳುತ್ತಾಳೆ.
ನಾನು ಬರೆದಿದ್ದೆ, ಹದಿನೇಳನೆಯ ಸಾಲು:
ಗುಂಡಿಯ ಅಭ್ಯಾಸ ತಪ್ಪುತ್ತದೆ. ಆದ್ಯತೆ: ಕಡಿಮೆ.
ಕಡಿಮೆ ಎಂದು ಬರೆದವಳೂ ನಾನೇ.

ಸಂಜೆ ಐದಕ್ಕೇ ಕಗ್ಗತ್ತಲಾಗುವ ದಿನ.
ಬೈರಿಗೆ ಎಳೆಯುವಾಗ ಕಾಲಡಿ ಏನೋ ಸಿಳ್ಳೆ ಹಾಕಿತು.
ಕೌಕೊ ಹಲ್ಲಲ್ಲಿ ಕೈಗವಸು ಕಚ್ಚಿ ತೆಗೆದು
ಗುಂಡಿ ಒತ್ತಿ ಹಿಡಿದ.
ಕಡಲ ನಡುವೆ, ಸೊನ್ನೆಗಿಂತ ಹದಿನೆಂಟು ಕೆಳಗೆ
ಒಂದು ಹೆಣ್ಣುದನಿ ಕೇಳಿತು:
"ನಾನು ಹೇಗೆ ಸಹಾಯ ಮಾಡಲಿ?"

ಕೋಲು ಕುಟ್ಟಿ, ಕಿವಿಗೊಟ್ಟು, ಹೆಜ್ಜೆ ತಡಕುತ್ತ
ಒಂದೂವರೆ ಗಂಟೆ ನಡೆದು ಮನೆಗೆ ಬಂದ.
ಏನೂ ಆಗಲಿಲ್ಲ.
ಏನೂ ಆಗದ್ದು ಯಾವ ವರದಿಗೂ ಸೇರುವುದಿಲ್ಲ.
ಭಾನುವಾರ ಮೀನಿನ ಸಾರಿನ ಮುಂದೆ ಇಷ್ಟೇ ಅಂದ:
"ಬೆಳಕು ಕೇಳಿದೆ. ಮಾತು ಕೊಟ್ಟಿತು."

ಇನ್ನೊಂದು ನಿಜವನ್ನೂ ಹೇಳಬೇಕು,
ಇಲ್ಲವಾದರೆ ತಕ್ಕಡಿ ಸುಳ್ಳಾಡುತ್ತದೆ.
ಹಿಲ್ಯಾ ಅತ್ತೆಗೆ ಕಿವಿ ಮಂದವಾಗಿ ಹನ್ನೊಂದು ವರ್ಷ.
ಹಿಂದಿನ ವರ್ಷ, ಯಾರೂ ಬೇಡದೆ ಬಂದದ್ದು,
ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗುವ ವಿದ್ಯೆ.
ಫೋನು ಹಿಡಿದು ಗಂಡನ ಬಾಯೆದುರು ಕೂತಳು.
ಅವಳು ಓದಿದ ಮೊದಲ ಮಾತು:
"ಉಪ್ಪು ಸಾಲದು."
ನಕ್ಕು ನಕ್ಕು ಅತ್ತಳು. ಉಪ್ಪು ಮಾತ್ರ ಹಾಕಲಿಲ್ಲ.
ಅದಕ್ಕೂ ಮುಂಚೆ, ಐದನೇ ಮಹಡಿಯ ಸಭೆಯಲ್ಲಿ,
ಈ ವಿದ್ಯೆ ಮುಂದಿನ ಸಲಕ್ಕಿರಲಿ,
ಮೊದಲು ಇದ್ದದ್ದು ನೆಟ್ಟಗಾಗಲಿ ಎಂದು
ಕೈ ಎತ್ತಿದವಳು ನಾನು.

ಹಾಗಾದರೆ ಯಾವುದು ಮೊದಲು? ಮಾವನನ್ನೇ ಕೇಳಿದೆ.
ಅವನು ಫೋನು ಬಿಟ್ಟು ಗಡ್ಡೆಯ ಮಾತೆತ್ತಿದ.
"ಇದು ಬೆಳೆಯುವುದು ಕೆಳಗಿನಿಂದ.
ಮೇಲೆ ನಿಂತವನಿಗೆ ನಿನ್ನೆಯದೇ ನೆಲ.
ಹೊಸ ಹಿಮ ಬಿದ್ದರೆ ಮಕ್ಕಳಿಗೆ ಹಬ್ಬ,
ಗಡ್ಡೆಗೆ ಕಂಬಳಿ. ಬೆಚ್ಚಗಾದದ್ದು ದಪ್ಪಗಾಗುವುದಿಲ್ಲ.
ಅದಕ್ಕೇ ನಾನು ಗುಡಿಸುವುದು."
ತುಸು ತಡೆದು,
"ಹಿಮವೇ ಬೇಡ ಅಂದೆನೆ? ಮೊದಲು ಬೇಡ ಅಂದೆ."

ಸೋಮವಾರ ಹದಿನೇಳನೆಯ ಸಾಲಿನ ಕಡಿಮೆಯನ್ನು ಅಳಿಸಿದೆ.
ಪಿರ್ಯೊ ಹುಬ್ಬೇರಿಸಿದಳು, ಬಿಟ್ಟಳು.
ಗುಂಡಿಗೆ ಮತ್ತೆ ಬೆಳಕು ಬಂತು.
ಬಿಡುಗಡೆಯ ಟಿಪ್ಪಣಿಯಲ್ಲಿ ಅದಕ್ಕೆ ಸಿಕ್ಕ ಜಾಗ:
ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.
ಯಾರೂ ಓದದ ಸಾಲು.
ಮೂವತ್ತು ದೋಷ ಇನ್ನೂ ಪಟ್ಟಿಯಲ್ಲಿವೆ.

ಕೌಕೊನ ಫೋನು ಮೇಜಿನ ಮೇಲೆ ಕಣ್ಣು ಮಿಟುಕಿಸುತ್ತದೆ:
ಅಪ್‌ಡೇಟ್ ಸಿದ್ಧ. ಈಗಲೇ? ನಾಳೆ ನೆನಪಿಸಲೆ?
"ಇದರಲ್ಲಿ ನಿನ್ನ ಟಾರ್ಚು ಇದೆ, ಹಾಕಿಕೊ ಮಾವ."
ಅವನು ನಾಳೆ ಒತ್ತುತ್ತಾನೆ. ನಲವತ್ತು ದಿನದಿಂದ ನಾಳೆ.
ಕಿಸೆಯಲ್ಲೀಗ ಬೇರೆಯೇ ಒಂದು ಟಾರ್ಚು, ಎರಡು ಸೆಲ್ಲಿನದು.
ತಿರುಗಿಸಿದರೆ ಹತ್ತುತ್ತದೆ. ಬೇರೇನೂ ಮಾಡುವುದಿಲ್ಲ.

ಸೀಟ್‌ಬೆಲ್ಟ್ ಬಿಚ್ಚಿಟ್ಟು, ಗಡ್ಡೆಯ ದಾರಿಯಲ್ಲಿ
ನಿಧಾನ ಕಾರು ಬಿಡುತ್ತ ಬರುವಾಗ
ನನ್ನ ಫೋನೂ ಕೇಳಿತು.
ನಾನೇ ಬೀಳಿಸಿ ಎತ್ತಿದ ಅಪ್‌ಡೇಟು.
ಕೆಳಗೆ ನಲವತ್ತೊಂದು ಸೆಂಟಿಮೀಟರು, ಕಾಣದು.
ನಾಳೆ, ಅಂದೆ.